ಕೆಂಪು ಬಣ್ಣ ತೆಗೆದ ಮೇಲೆ

ರಾಯಚೂರಿನಲ್ಲೇ ಕೂತು, ಶುಗರ್ ಇರುವವರಿಗಾಗಿ ಒಂದು ಆಪ್ ಡಿಸೈನ್ ಮಾಡಿದೆ. ಗ್ಲೂಕೋಮೀಟರ್ ತೋರಿಸಿದ ನಂಬರ್ ಬರೆದಿಡಬೇಕು, ಗುಳಿಗೆ ನೆನಪಿಸಬೇಕು, ನಡಿಗೆ ಲೆಕ್ಕ ಇಡಬೇಕು, ಅಷ್ಟೇ. ಮೊದಲು ದೊಡ್ಡವ್ವನ ಫೋನಿಗೆ ಹಾಕಿಕೊಟ್ಟೆ. ಮೂರು ವಾರ ಬಿಟ್ಟು ನೋಡಿದರೆ ಐದೇ ನಂಬರ್. 96, 104, 110... ಐದೂ ಚೆನ್ನಾಗಿದ್ದವು.

ಆದರೆ ಅಡುಗೆಮನೆ ಗೋಡೆಯ ಕ್ಯಾಲೆಂಡರ್‌ನಲ್ಲಿ ಪೆನ್ಸಿಲಿನಿಂದ ಬೇರೆಯೇ ಬರೆದಿತ್ತು. 178. 212. 165.

"ದೊಡ್ಡವ್ವ, ಇವು ಯಾಕ ಹಾಕಿಲ್ಲ?"

"ಅದು ಕೆಂಪಗ ಆಗ್ತದಪ್ಪ. ನೋಡಿದ್ರ ಎದಿ ಝಲ್ ಅಂತದ. ಚಲೋ ಬಂದದ್ದಷ್ಟ ಹಾಕೀನಿ."

ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಖಾಲಿ ಹೊಟ್ಟೆಯ ಶುಗರ್ 130 ದಾಟಿದರೆ ಕೆಂಪು ಬರಲಿ ಅಂತ ಇಟ್ಟವನು ನಾನೇ. ಡಾಕ್ಟರ್ ನೋಡಲೇಬೇಕಾದ ನಂಬರನ್ನೇ ಆ ಬಣ್ಣ ಮುಚ್ಚಿಟ್ಟಿತ್ತು.

ಕೆಂಪು ತೆಗೆದೆ. ಈಗ 178 ಹಾಕಿದರೂ ದಪ್ಪ ಕಪ್ಪು ಅಕ್ಷರದಲ್ಲೇ ಬರುತ್ತದೆ. ಕೆಳಗೆ ಎರಡು ಪ್ರಶ್ನೆ: ರಾತ್ರಿ ಊಟ ತಡವಾಯ್ತಾ? ಗುಳಿಗೆ ತಪ್ಪಿತಾ? ಹೌದು, ಇಲ್ಲ ಅಂತ ಒತ್ತಿದರೆ ಸಾಕು. ಊಟದಲ್ಲೂ ಗ್ರಾಂ, ಕ್ಯಾಲೊರಿ ಬಿಟ್ಟು "ರೊಟ್ಟಿ ಎಷ್ಟು?" ಅಂತ ಕೇಳಿದೆ. ಜೋಳದ ರೊಟ್ಟಿಯನ್ನು ಯಾರು ತೂಗಿ ತಿನ್ನುತ್ತಾರೆ, ಅಲ್ವಾ?

ಕೆಂಪು ಉಳಿಸಿದ್ದು ಒಂದೇ ಕಡೆ. ಶುಗರ್ 70ಕ್ಕಿಂತ ಕೆಳಗೆ ಇಳಿದಾಗ ತಡ ಮಾಡುವಂತಿಲ್ಲ. ಆಗ ಬೇಕಾದ್ದು 15 ಗ್ರಾಂನಷ್ಟು ಸಕ್ಕರೆ. ಆದರೆ ಕೈ ನಡುಗುವ ಹೊತ್ತಿನಲ್ಲಿ ಗ್ರಾಂ ಲೆಕ್ಕ ತಲೆಗೆ ಹೋಗುವುದಿಲ್ಲ. ಅದಕ್ಕೇ ಸ್ಕ್ರೀನ್ ತುಂಬ ದೊಡ್ಡದಾಗಿ ಬರೆದೆ: "ಈಗಲೇ ಮೂರು-ನಾಲ್ಕು ಟೀ ಚಮಚ ಸಕ್ಕರೆ ನೀರಲ್ಲಿ ಕಲಸಿ ಕುಡಿಯಿರಿ. 15 ನಿಮಿಷ ಬಿಟ್ಟು ಮತ್ತೆ ಟೆಸ್ಟ್ ಮಾಡಿ." ಪಕ್ಕದಲ್ಲಿ ಮನೆಯವರಿಗೆ ಫೋನ್ ಮಾಡುವ ಬಟನ್. ಎಚ್ಚರ ತಪ್ಪಿದವರ ಬಾಯಿಗೆ ಏನೂ ಹಾಕಬೇಡಿ ಅನ್ನುವ ಮಾತೂ ಅಲ್ಲೇ ಇದೆ. ಈ ಸ್ಕ್ರೀನಿನ ಒಂದೊಂದು ಪದವನ್ನೂ ಡಾಕ್ಟರ್ ಮುಂದೆ ಓದಿಸಿಯೇ ಇಟ್ಟೆ.

ನಡಿಗೆಯ 10,000 ಹೆಜ್ಜೆಯನ್ನೂ ಕೈಬಿಟ್ಟೆ. ಆ ಅಂಕಿ ಹೆಸರಾದದ್ದು 1965ರಲ್ಲಿ ಜಪಾನಿನಲ್ಲಿ ಮಾರಿದ ಒಂದು ಹೆಜ್ಜೆ ಎಣಿಸುವ ಸಾಧನದಿಂದ. ಮೊಣಕಾಲು ನೋವಿರುವ ದೊಡ್ಡವ್ವನಿಗೆ ಅದನ್ನು ತೋರಿಸುವುದು ಸರಿಯಲ್ಲ. ಕಳೆದ ವಾರ ಅವಳೇ ನಡೆದದ್ದಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ ಗುರಿ. ನೆನಪಿಸುವ ಹೊತ್ತನ್ನೂ ಬೆಳಗಿನ ಆರಕ್ಕೆ ತಂದೆ. ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಊರಲ್ಲಿ ಮಧ್ಯಾಹ್ನ "ಏಳಿ, ನಡೆಯಿರಿ" ಅನ್ನಬಾರದು.

ಬದಲಿಸಿದ ಮೂರನೇ ದಿನ ಬೆಳಿಗ್ಗೆ ದೊಡ್ಡವ್ವನೇ ಫೋನ್ ಮಾಡಿದಳು. "ಇವತ್ತ 190 ಬಂತು. ಹಾಕೀನಿ ನೋಡು." ಆ ತಿಂಗಳ ಪಟ್ಟಿ ನೋಡಿ ಡಾಕ್ಟರ್ ರಾತ್ರಿಯ ಗುಳಿಗೆ ಬದಲಿಸಿದರು.