ಮಕ್ಕಳ ಹಕ್ಕುಗಳ ‘ಹೆಜ್ಜೆ ಆಟ’ ಆಡಿಸುವುದು ಹೇಗೆ?

ನವೆಂಬರ್ ಬಂತೆಂದರೆ ಶಾಲೆಗಳಲ್ಲಿ ಮಕ್ಕಳ ಹಕ್ಕುಗಳ ಫ್ಲೆಕ್ಸ್ ಕಟ್ಟುತ್ತಾರೆ, ಒಂದು ಗಂಟೆ ಭಾಷಣ ಮಾಡುತ್ತಾರೆ. ಮಾರನೇ ದಿನ ಮಕ್ಕಳಿಗೆ ನೆನಪಿರುವುದು ಹಂಚಿದ ಬಿಸ್ಕತ್ತು ಮಾತ್ರ. ಚೀಟಿಯಲ್ಲಿ ಬಂದ ಪಾತ್ರವಾಗಿ ನಿಂತು, ಓದಿದ ವಾಕ್ಯ ಆ ಪಾತ್ರಕ್ಕೆ ಹೊಂದಿದರೆ ಮುಂದೆ ಹೆಜ್ಜೆ ಇಡುವ ಹೆಜ್ಜೆ ಆಟಕ್ಕೆ ಫ್ಲೆಕ್ಸ್ ಬೇಡ. 5ರಿಂದ 8ನೇ ತರಗತಿಯ 20–24 ಮಕ್ಕಳು, ಶಾಲೆಯ ಅಂಗಳ, ಒಂದೂವರೆ ಗಂಟೆ ಇದ್ದರೆ ಸಾಕು.

1. ಚೀಟಿ. ಹಳೆಯ ಲಗ್ನಪತ್ರಿಕೆಗಳ ಖಾಲಿ ಬದಿಯಲ್ಲಿ ತಲೆಗೊಂದರಂತೆ ಪಾತ್ರ ಬರೆಯಿರಿ: ‘ನಿನಗೆ 13 ವರ್ಷ. ಅಪ್ಪ ಅಮ್ಮ ಕಬ್ಬು ಕಡಿಯಲು ಹೋದರೆ ತಮ್ಮನನ್ನು ನೋಡಿಕೊಳ್ಳಲು ಮನೆಯಲ್ಲಿ ಉಳಿಯುತ್ತೀ.’ ‘ನಿನಗೆ 15. ಗ್ಯಾರೇಜಿನಲ್ಲಿ ಕೆಲಸ.’ ‘ನೀನು ಗಾಲಿಕುರ್ಚಿಯಲ್ಲಿ ಓಡಾಡುತ್ತೀ, ಶಾಲೆಗೆ ಮೂರು ಮೆಟ್ಟಿಲು.’ ಒಂದೇ ಮನೆಯ ಅಣ್ಣ ತಂಗಿಯ ಜೋಡಿ ಚೀಟಿ ಎರಡಾದರೂ ಇರಲಿ. ಒಂದೇ ಮನೆಯಿಂದ ಹೊರಟವರು ಕೊನೆಗೆ ಆರು ಹೆಜ್ಜೆ ದೂರ ನಿಂತಿರುವುದನ್ನು ಕಂಡಾಗಲೇ ಮಕ್ಕಳು ಗುಸುಗುಸು ಶುರುಮಾಡುವುದು. ಯಾವ ಮಗುವಿಗೂ ಅದರದೇ ಬದುಕಿನ ಚೀಟಿ ಹೋಗಕೂಡದು. ಆದ್ದರಿಂದ ಕಣ್ಣುಮುಚ್ಚಿ ಹಂಚಬೇಡಿ. ಅಂಗಡಿಯಲ್ಲಿ ಸಿಗುವ ಲ್ಯಾಮಿನೇಟ್ ಮಾಡಿದ ಕಾರ್ಡ್ ಸೆಟ್ ತರಬೇಡಿ: ಬಿಸಿಲಿಗೆ ಹೊಳೆದು ಓದಲಾಗುವುದಿಲ್ಲ, ಚಿತ್ರದಲ್ಲಿರುವುದೂ ನಮ್ಮೂರ ಮಕ್ಕಳಲ್ಲ.

2. ಹೆಜ್ಜೆ. ಸುಣ್ಣದಲ್ಲಿ ಗೆರೆ ಎಳೆದು ಎಲ್ಲರನ್ನೂ ಅದರ ಮೇಲೆ ನಿಲ್ಲಿಸಿ. ನೀವು ವಾಕ್ಯ ಓದಿ. ಪಾತ್ರಕ್ಕೆ ‘ಹೌದು’ ಎನ್ನಿಸಿದವರು ಒಂದು ಹೆಜ್ಜೆ ಮುಂದೆ. ‘ಜ್ವರ ಬಂದರೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯುತ್ತಾರೆ.’ ‘ಸಂಜೆ ಆಡಲು ಹೋಗುತ್ತೇನೆ.’ ‘ತಪ್ಪು ಮಾಡಿದರೂ ನನ್ನನ್ನು ಯಾರೂ ಹೊಡೆಯುವುದಿಲ್ಲ.’ 12 ವಾಕ್ಯ ಸಾಕು. 15 ದಾಟಿದರೆ ಹಿಂದಿನವರು ಕೂತುಬಿಡುತ್ತಾರೆ.

3. ಮಾತು. ಆಟ ಕೆಡುವುದು ಇಲ್ಲಿ. ಹೆಜ್ಜೆ ಮುಗಿದ ಕೂಡಲೇ ‘ಬನ್ನಿ, ವೃತ್ತದಲ್ಲಿ ಕೂತ್ಕೊಳ್ಳಿ’ ಎನ್ನುತ್ತಾರೆ. ಕಣ್ಣೆದುರಿನ ಅಂತರ ಅಲ್ಲಿಗೆ ಅಳಿಸಿಹೋಯಿತು, ಉಳಿದದ್ದು ಉಪದೇಶ. ನಿಂತಲ್ಲೇ ನಿಲ್ಲಿಸಿ. ಮೊದಲು ಕೊನೆಯಲ್ಲಿರುವವರನ್ನು ಕೇಳಿ: ‘ಯಾವ ವಾಕ್ಯಕ್ಕೆ ನಿನ್ನ ಕಾಲು ನಿಂತಿತು?’ ಕೇಳಿದ ಮೇಲೆ ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ. ಉತ್ತರ ಎಂಟೊಂಬತ್ತಕ್ಕೆ ಬರುತ್ತದೆ. ಮೇಷ್ಟ್ರು ಮೂರಕ್ಕೇ ಬಾಯಿ ಹಾಕುತ್ತಾರೆ. ಆಮೇಲೆ ಮುಂದಿರುವವರಿಗೆ: ‘ಹಿಂದೆ ತಿರುಗಿ ನೋಡಿದ್ದು ಯಾವಾಗ?’ ಬಹುತೇಕರು ನೋಡಿರುವುದೇ ಇಲ್ಲ. ಆ ಉತ್ತರವನ್ನು ತಿದ್ದಬೇಡಿ, ಹಾಗೇ ಬಿಡಿ. ನಂತರ ಚೀಟಿ ಓದಿಸಿ.

ಕಾನೂನು ತರುವುದು ಈಗ, ಕಾಲು ನಿಂತ ಜಾಗಕ್ಕಷ್ಟೇ. ಹೊಡೆತದ ವಾಕ್ಯಕ್ಕೆ: ಶಿಕ್ಷಣ ಹಕ್ಕು ಕಾಯ್ದೆ, 2009ರ 17ನೇ ಕಲಂ ಶಾಲೆಯಲ್ಲಿ ದೈಹಿಕ ಶಿಕ್ಷೆ, ಮಾನಸಿಕ ಕಿರುಕುಳ ಎರಡನ್ನೂ ನಿಷೇಧಿಸಿದೆ. ಆಟದ ವಾಕ್ಯಕ್ಕೆ: ಭಾರತ 1992ರಲ್ಲಿ ಒಪ್ಪಿಕೊಂಡ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೇ ವಿಧಿ, ಆಡುವುದು ಮಗುವಿನ ಹಕ್ಕು ಎನ್ನುತ್ತದೆ. ಅದರ 54 ವಿಧಿಗಳನ್ನೂ ಬಾಯಿಪಾಠ ಮಾಡಿಸುವವರಿದ್ದಾರೆ, ದಯವಿಟ್ಟು ಬೇಡ.

ಕೊನೆಗೆ ಚೀಟಿಯನ್ನು ಡಬ್ಬಿಗೆ ಹಾಕಿ ಪ್ರತಿಯೊಬ್ಬರೂ ಸ್ವಂತ ಹೆಸರು ಗಟ್ಟಿಯಾಗಿ ಹೇಳಲಿ. ಇದನ್ನು ಬಿಟ್ಟರೆ ‘ಗ್ಯಾರೇಜ್’ ಎಂಬ ಅಡ್ಡಹೆಸರು ವರ್ಷವಿಡೀ ಉಳಿಯುತ್ತದೆ. ಯಾವುದಾದರೂ ಮಗು ಅತ್ತರೆ, ತನ್ನ ಮನೆಯ ಸಂಗತಿ ಹೇಳತೊಡಗಿದರೆ ಎಲ್ಲರೆದುರು ಕೆದಕಬೇಡಿ, ಆಟ ನಿಲ್ಲಿಸಿ, ಪಕ್ಕದಲ್ಲಿ ಕೂತು ಕೇಳಿ. ಅಪಾಯವಿದೆ ಅನ್ನಿಸಿದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.

4. ಬೇಡಿಕೆ. ನಿಂತ ಕಾಲುಗಳಲ್ಲಿ ಒಂದನ್ನು ಆರಿಸಿ ಪಂಚಾಯಿತಿಯವರು ಮಕ್ಕಳ ಅಹವಾಲು ಕೇಳುವ ಮಕ್ಕಳ ಗ್ರಾಮ ಸಭೆಗೆ ಪ್ರಶ್ನೆ ಮಾಡಿ. ‘ಶೌಚಾಲಯ ಬೇಕು’ ಎಂದರೆ ‘ನೋಡೋಣ’ ಎಂಬ ಉತ್ತರ ಬರುತ್ತದೆ. ‘ಹುಡುಗಿಯರ ಶೌಚಾಲಯದ ಚಿಲಕ ಮುರಿದು ಎರಡು ತಿಂಗಳಾಯ್ತು, ಯಾವ ತಾರೀಕಿಗೆ ಸರಿಮಾಡುತ್ತೀರಿ, ಯಾರು?’ ಎಂದರೆ ಹಾಗೆ ಜಾರಲಾಗದು. ಅಭ್ಯಾಸಕ್ಕೆ ಒಬ್ಬರು ಪಂಚಾಯಿತಿ ಅಧ್ಯಕ್ಷರು, ಒಬ್ಬರು ಪಿಡಿಒ ಆಗಿ ‘ಅನುದಾನ ಬಂದಿಲ್ಲ’, ‘ಮುಂದಿನ ಸಲ’ ಎನ್ನಲಿ; ಕೇಳುವ ಮಗು ತಾರೀಕು ಸಿಗುವವರೆಗೆ ಕೂರಬಾರದು. ಮೂರು ಸುತ್ತು ಆಡಿಸಿ. ಪ್ರಶ್ನೆಯನ್ನು ಮೇಷ್ಟ್ರು ಬರೆದುಕೊಟ್ಟರೆ ಅಷ್ಟೇ. ಮಗು ಕಾಗದ ನೋಡಿ ಓದುತ್ತದೆ, ಮರುಪ್ರಶ್ನೆಗೆ ತಬ್ಬಿಬ್ಬಾಗುತ್ತದೆ.

ಮನವಿಗೆ ಎರಡು ಪ್ರತಿ ಮಾಡಿ. ಒಂದು ಪಂಚಾಯಿತಿಗೆ, ಸೀಲು, ತಾರೀಕು ಹಾಕಿಸಿಕೊಂಡ ಇನ್ನೊಂದು ತರಗತಿಯ ಗೋಡೆಗೆ, ಮಕ್ಕಳ ಕಣ್ಣಿನ ಎತ್ತರಕ್ಕೆ.