ಬೆಕ್ಕಿರುವ ಮನೆಯಲ್ಲಿ ಗಿಡದ ಕುಂಡಗಳು

ಹೂಗುಚ್ಛದಲ್ಲಿ ಬಂದ ಲಿಲ್ಲಿಯನ್ನು ಹೂದಾನಿಗಿಟ್ಟು, ಪಕ್ಕದಲ್ಲೇ ಬೆಕ್ಕನ್ನು ಕೂರಿಸಿ ಫೋಟೊ ತೆಗೆಯುವ ಹುಡುಗರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಎಲೆ, ದಳ ತಿನ್ನುವುದಿರಲಿ, ಮೈಮೇಲೆ ಉದುರಿದ ಪರಾಗವನ್ನು ನೆಕ್ಕಿಕೊಂಡರೂ, ಹೂದಾನಿಯ ನೀರು ಕುಡಿದರೂ ಬೆಕ್ಕಿನ ಮೂತ್ರಪಿಂಡಗಳು ಒಂದೆರಡು ದಿನಗಳಲ್ಲಿ ಕೈಕೊಡಬಹುದು. ಆ ಹೂ ಹೊಸಿಲು ದಾಟಿ ಒಳಬರಲೇಬಾರದು. ಬೆಕ್ಕು ಬಾಯಿ ಹಾಕಿದ್ದರೆ, ಉಪ್ಪುನೀರು ಕುಡಿಸುವ ಸಾಹಸಕ್ಕಿಳಿಯದೆ, ಲಕ್ಷಣಗಳಿಗಾಗಿ ಕಾಯದೆ, ತಕ್ಷಣ ಪಶುವೈದ್ಯರಲ್ಲಿಗೆ ಒಯ್ಯಿರಿ.

ಕಣಗಿಲೆ ಹೃದಯಕ್ಕೂ, ತಾಳೆಯಂತೆ ಕಾಣುವ ಸೈಕಾಸ್ ಗಿಡ ಯಕೃತ್ತಿಗೂ ವಿಷ, ಅವೆರಡೂ ಬೇಡ. ಮನಿಪ್ಲಾಂಟ್, ಡಿಫೆನ್‌ಬೇಕಿಯಾಗಳು ಕೊಲ್ಲುವುದು ಅಪರೂಪವಾದರೂ, ಹುಳಿ ಕಡಿಮೆಯಾದ ಕೆಸುವಿನೆಲೆಯ ಪತ್ರೊಡೆ ತಿಂದಾಗ ನಮ್ಮ ಗಂಟಲು ಕೆರೆಯುವುದಕ್ಕೆ ಕಾರಣವಾದ ಸೂಜಿಯಂತಹ ಹರಳುಗಳೇ ಅವುಗಳಲ್ಲೂ ಇದ್ದು, ಬೆಕ್ಕಿನ ಬಾಯಿ ಉರಿದು ಜೊಲ್ಲು ಸುರಿಯುತ್ತದೆ. ‘ಎತ್ತರದಲ್ಲಿಟ್ಟಿದ್ದೇವೆ’ ಎನ್ನುತ್ತೀರಿ, ಬೆಕ್ಕಿಗೆ ಎತ್ತರವೆಂಬುದುಂಟೇ? ಗುಲಾಬಿ, ದಾಸವಾಳ, ಅರೆಕಾ ಪಾಮ್, ಸ್ಪೈಡರ್ ಪ್ಲಾಂಟ್ ಬೆಳೆಸಿರಿ, ಭಯವಿಲ್ಲ.

ನಮ್ಮ ತವರಿನ ಬೆಕ್ಕುಗಳು ಬೆಳಗಾದರೆ ಹಿತ್ತಿಲಿಗೆ ಹೋಗಿ ಗರಿಕೆ ಕಡಿದು ಬರುತ್ತಿದ್ದವು, ಒಳಗಿನ ಗಿಡವನ್ನು ಮೂಸಿಯೂ ನೋಡುತ್ತಿರಲಿಲ್ಲ. ಫ್ಲ್ಯಾಟಿನ ಬೆಕ್ಕಿಗೆ ಗರಿಕೆ ಎಲ್ಲಿಂದ ಬರಬೇಕು? ಅದಕ್ಕೆಂದೇ ಗೋಧಿಹುಲ್ಲು ಬೆಳೆಸಿಕೊಡಿ. ಒಂದು ಹಿಡಿ ಗೋಧಿಯನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ನೀರನ್ನು ಪೂರ್ತಿ ಬಸಿದು ತೆಳು ಬಟ್ಟೆಯಲ್ಲಿ ಕಟ್ಟಿಡಿ. (ನೀರು ಬಸಿಯದೆ ಹೆಸರುಕಾಳು ಕಟ್ಟಿ, ನಾತ ಹೊಡೆಯಿತೆಂದು ಕಾಳನ್ನು ಬೈಯುವವರೂ ಇದನ್ನು ಗಮನಿಸಲಿ.) ಬೇರು ಬಿಳಿಯಾಗಿ ಇಣುಕಿದಾಗ ಅಗಲ ಬಾಯಿಯ, ತಳದಲ್ಲಿ ತೂತಿರುವ ಮಣ್ಣಿನ ಕುಂಡವನ್ನೇ ಆರಿಸಿ, ಪ್ಲಾಸ್ಟಿಕ್ ಡಬ್ಬಿ ಹಗುರ, ಬೆಕ್ಕು ಎಳೆದರೆ ಮಗುಚುತ್ತದೆ. ಮಣ್ಣಿಗೆ ಸ್ವಲ್ಪ ಮರಳು ಬೆರೆಸಿ, ಕಾಳುಗಳು ಒಂದಕ್ಕೊಂದು ತಾಗುವಷ್ಟು ಒತ್ತಾಗಿ ಹರಡಿ, ಮೇಲೆ ತೆಳುವಾಗಿ ಮಣ್ಣು ಉದುರಿಸಿ, ಒದ್ದೆ ಬಟ್ಟೆ ಹೊದಿಸಿ. ಮೊಳಕೆ ಬಟ್ಟೆಯನ್ನು ಎತ್ತತೊಡಗಿದೊಡನೆ ಅದನ್ನು ತೆಗೆದು ಕುಂಡವನ್ನು ಕಿಟಕಿಯ ಬೆಳಕಿಗಿಡಿ. ನೀರನ್ನು ಸುರಿಯದೆ ಕೈಯಿಂದ ಚಿಮುಕಿಸಿ, ಇಲ್ಲವಾದರೆ ಬುಡದಲ್ಲಿ ಬೂಷ್ಟು ಹಿಡಿಯುತ್ತದೆ. ಹುಲ್ಲು ಗೇಣಿಗಿಂತ ಗಿಡ್ಡವಿರುವಾಗಲೇ ಬೆಕ್ಕಿಗೆ ಕೊಡಬೇಕು, ಅದು ಹಳದಿಯಾಗುವ ಮೊದಲೇ ಇನ್ನೊಂದು ಕುಂಡ ಸಿದ್ಧವಿರಬೇಕು.

ಗೋಧಿ ಮುಗಿದಿದೆಯೆಂದು ಜೋಳ ಬಿತ್ತಬೇಡಿ. ಎಳೆ ಜೋಳದ ಪೈರು ಮೇಯ್ದ ದನಗಳೇ ಸತ್ತದ್ದನ್ನು ರೈತರು ಬಲ್ಲರು. ಅಂಗಡಿಯ ಬಿತ್ತನೆ ಬೀಜಕ್ಕೂ ಔಷಧಿ ಸವರಿರುತ್ತಾರೆ, ಆದ್ದರಿಂದ ಅಡುಗೆಮನೆಯ ಡಬ್ಬಿಯ ಗೋಧಿಯನ್ನೇ ಬಳಸಿ.