ಒಂಬತ್ತನೇ ಸ್ಥಾನದವನಿಗಾಗಿ ಬರೆದ ನಿಯಮಗಳು: ನಮ್ಮ ಫ್ಯಾಂಟಸಿ ಹಾಕಿ ಲೀಗ್

ಗೆಳೆಯರ ಫ್ಯಾಂಟಸಿ ಹಾಕಿ ಲೀಗ್ ಕೆಡುವುದು ಸಾಮಾನ್ಯವಾಗಿ ಜನವರಿಯಲ್ಲಿ. ಅಕ್ಟೋಬರ್‌ನಲ್ಲಿ ಎಲ್ಲರಿಗೂ ಹುರುಪು ಇರುತ್ತದೆ. ಕ್ರಿಸ್‌ಮಸ್ ಹೊತ್ತಿಗೆ ಮೂರ್ನಾಲ್ಕು ಜನ ಹಿಂದೆ ಬಿದ್ದಿರುತ್ತಾರೆ. ಆಮೇಲೆ ಅವರು ಆ್ಯಪ್ ತೆಗೆಯುವುದನ್ನೇ ಬಿಡುತ್ತಾರೆ. ಗಾಯಗೊಂಡ ಆಟಗಾರರು ಅವರ ತಂಡದಲ್ಲಿ ಹಾಗೇ ಕೂತಿರುತ್ತಾರೆ. ಆ ವಾರ ಅವರ ಎದುರು ಆಡುವವನಿಗೆ ಬಿಟ್ಟಿ ಗೆಲುವು, ಉಳಿದವರಿಗೆಲ್ಲ ಸಿಟ್ಟು.

ಟೊರೊಂಟೊ ಪಕ್ಕದ ಮಿಸ್ಸಿಸಾಗಾ, ಬ್ರಾಂಪ್ಟನ್ ಕಡೆ ಇರುವ ನಾವು ಹತ್ತು ಜನ ಕನ್ನಡಿಗರು ಉತ್ತರ ಅಮೆರಿಕದ ದೊಡ್ಡ ಐಸ್ ಹಾಕಿ ಲೀಗ್ ಆದ ಎನ್‌ಎಚ್‌ಎಲ್ ಮೇಲೆ ಇಂಥದ್ದೊಂದು ಲೀಗ್ ನಡೆಸುತ್ತಿದ್ದೇವೆ: ನಿಜವಾದ ಆಟಗಾರರನ್ನು ಆರಿಸಿ ತಂಡ ಕಟ್ಟುತ್ತೇವೆ, ಅವರ ಆಟದ ಮೇಲೆ ನಮಗೆ ಅಂಕ. ಲೀಗ್ ನೋಡಿಕೊಳ್ಳುವ ಕಮಿಷನರ್ ಕೆಲಸ ನನ್ನದು. ನಮ್ಮ ನಿಯಮಗಳೆಲ್ಲ ಹುಟ್ಟಿದ್ದು ಒಂದೇ ಪ್ರಶ್ನೆಯಿಂದ: ಒಂಬತ್ತನೇ ಸ್ಥಾನದಲ್ಲಿರುವವನು ಜನವರಿಯ ಮಂಗಳವಾರ ಸಂಜೆ ತನ್ನ ತಂಡವನ್ನು ಯಾಕೆ ತೆಗೆದು ನೋಡಬೇಕು?

ಡ್ರೀಮ್ 11 ಆಡಿದವರಿಗೆ ಮೊದಲು ಒಂದು ವ್ಯತ್ಯಾಸ ಹೇಳಬೇಕು. ಅಲ್ಲಿ ಪ್ರತಿ ಪಂದ್ಯಕ್ಕೂ ಹೊಸ ತಂಡ ಕಟ್ಟುತ್ತೀರಿ. ಒಬ್ಬ ಆಟಗಾರನನ್ನು ಲಕ್ಷಾಂತರ ಜನ ಆರಿಸಿಕೊಳ್ಳಬಹುದು. ಇಲ್ಲಿ ಹಾಗಲ್ಲ. ಸೀಸನ್ ಶುರುವಾಗುವ ಮೊದಲು ಡ್ರಾಫ್ಟ್ ನಡೆಯುತ್ತದೆ, ಅಂದರೆ ಸರದಿಯಂತೆ ಒಬ್ಬೊಬ್ಬ ಆಟಗಾರನನ್ನು ಆರಿಸಿಕೊಳ್ಳುತ್ತೇವೆ. ಕಾನರ್ ಮೆಕ್‌ಡೇವಿಡ್‌ನಂಥ ಸ್ಟಾರ್ ಆಟಗಾರನನ್ನು ಒಬ್ಬರು ತಗೊಂಡರೆ ಮುಗಿಯಿತು, ಏಪ್ರಿಲ್‌ವರೆಗೆ ಅವನು ಅವರವನು. ಬೇಕಿದ್ದರೆ ಟ್ರೇಡ್ ಮಾಡಿ, ಅಂದರೆ ನಿಮ್ಮ ಆಟಗಾರನನ್ನು ಬದಲಿಗೆ ಕೊಟ್ಟು, ಪಡೆಯಬೇಕು. ಆರು ತಿಂಗಳ ಆಟವಾದ್ದರಿಂದ ನಿಯಮ ಗಟ್ಟಿಯಾಗಿರಬೇಕು.

ಡ್ರಾಫ್ಟನ್ನು ಅಕ್ಟೋಬರ್‌ನ ಮೊದಲ ವಾರಾಂತ್ಯಕ್ಕೆ ಇಡುತ್ತೇವೆ. ಅಷ್ಟು ಹೊತ್ತಿಗೆ ಅಭ್ಯಾಸ ಪಂದ್ಯಗಳು ಹೆಚ್ಚುಕಮ್ಮಿ ಮುಗಿದಿರುತ್ತವೆ, ಯಾರಿಗೆ ಗಾಯ ಆಗಿದೆ ಅಂತ ಗೊತ್ತಿರುತ್ತದೆ. ಆಯುಧ ಪೂಜೆ ದಿನ ಮಾತ್ರ ಬೇಡ. ಒಮ್ಮೆ ಆ ದಿನ ಹೇಳಿದ್ದಕ್ಕೆ ಮನೆಮನೆಯಿಂದ ಫೋನ್ ಬಂತು. ಡ್ರಾಫ್ಟ್ ಸ್ನೇಕ್ ಕ್ರಮದಲ್ಲಿ ನಡೆಯುತ್ತದೆ. ಮೊದಲ ಸುತ್ತಿನಲ್ಲಿ 1ರಿಂದ 10, ಎರಡನೇ ಸುತ್ತಿನಲ್ಲಿ 10ರಿಂದ 1. ಪ್ರತಿ ತಂಡಕ್ಕೆ 17 ಆಟಗಾರರು, ಅಂದರೆ 170 ಆಯ್ಕೆ. ಒಂದೊಂದಕ್ಕೆ 90 ಸೆಕೆಂಡ್ ಕೊಟ್ಟರೆ ನಾಲ್ಕು ಗಂಟೆ ದಾಟಬಹುದು, 60 ಸೆಕೆಂಡ್ ಕೊಟ್ಟರೆ ಮೂರು ಗಂಟೆಯೊಳಗೆ ಮುಗಿಯುತ್ತದೆ. ಮಕ್ಕಳಿರುವ ಮನೆಗಳಲ್ಲಿ ಈ ಒಂದು ಗಂಟೆ ದೊಡ್ಡದು. ನಾವು 60 ಸೆಕೆಂಡ್ ಇಟ್ಟಿದ್ದೇವೆ. ಒಬ್ಬರ ಮನೆ ಬೇಸ್‌ಮೆಂಟಿನಲ್ಲಿ ಎಲ್ಲರೂ ಸೇರುತ್ತೇವೆ. ಚಿತ್ರಾನ್ನ, ಬೋಂಡಾ, ಕಾಫಿ ಇರುತ್ತದೆ. ಸಾಧ್ಯವಾದರೆ ಡ್ರಾಫ್ಟನ್ನು ಎದುರುಬದುರು ಕೂತೇ ಮಾಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಮುಖ ನೋಡಿ ಶುರುಮಾಡಿದ ಲೀಗನ್ನು ಅರ್ಧಕ್ಕೆ ಬಿಡಲು ಮನಸ್ಸಾಗುವುದಿಲ್ಲ.

ಅಂಕ ಹೇಗೆ ಲೆಕ್ಕ ಹಾಕಬೇಕು ಅನ್ನೋದು ಎಲ್ಲಕ್ಕಿಂತ ದೊಡ್ಡ ತೀರ್ಮಾನ. ನಾವು ಶುರುಮಾಡಿದ್ದು ಪಾಯಿಂಟ್ಸ್ ಪದ್ಧತಿಯಲ್ಲಿ: ಗೋಲಿಗೆ ಇಷ್ಟು, ಅಸಿಸ್ಟ್‌ಗೆ (ಗೋಲಿಗೆ ದಾರಿ ಮಾಡಿದ ಪಾಸ್) ಇಷ್ಟು ಅಂತ ಅಂಕ ಕೂಡಿಸುವುದು. ಹೊಸಬರಿಗೆ ಅದು ಸುಲಭ. ಆದರೆ ಸಂಖ್ಯೆ ಸ್ವಲ್ಪ ಬದಲಾದರೂ ಆಟಗಾರರ ಬೆಲೆ ಏರುಪೇರಾಗುತ್ತದೆ. 2023-24ರಲ್ಲಿ ಆಸ್ಟನ್ ಮ್ಯಾಥ್ಯೂಸ್ 69 ಗೋಲು, 38 ಅಸಿಸ್ಟ್ ಮಾಡಿದ. ನಿಕಿಟಾ ಕುಚೆರೊವ್ 44 ಗೋಲು, 100 ಅಸಿಸ್ಟ್. ಗೋಲು, ಅಸಿಸ್ಟ್ ಎರಡಕ್ಕೂ ಒಂದೇ ಅಂಕ ಕೊಟ್ಟರೆ 107 ಎದುರು 144. ಮ್ಯಾಥ್ಯೂಸ್ ಕಾಲು ಭಾಗ ಹಿಂದೆ. ಗೋಲಿಗೆ 3, ಅಸಿಸ್ಟ್‌ಗೆ 2 ಕೊಡಿ, 283 ಎದುರು 332 ಆಗುತ್ತದೆ. ಈಗ ಅವನು ಹಿಂದಿರುವುದು ಏಳನೇ ಒಂದು ಭಾಗ ಮಾತ್ರ. ಹಾಗಾಗಿ ಈ ಸಂಖ್ಯೆಗಳನ್ನು ಡ್ರಾಫ್ಟ್‌ಗೆ ಒಂದು ತಿಂಗಳ ಮೊದಲೇ ಎಲ್ಲರಿಗೂ ಕಳಿಸಬೇಕು.

ಆಮೇಲೆ ನಾವು ಕೆಟಗರಿ ಪದ್ಧತಿಗೆ ಬಂದೆವು. ವಾರಕ್ಕೊಬ್ಬ ಎದುರಾಳಿ, ಒಂಬತ್ತು ಕೆಟಗರಿ. ಗೋಲು, ಅಸಿಸ್ಟ್, ಪವರ್ ಪ್ಲೇ ಪಾಯಿಂಟ್ (ಎದುರಾಳಿ ತಂಡದವನು ಶಿಕ್ಷೆಗೆ ಹೊರಗಿದ್ದಾಗ ಬಂದ ಗೋಲು, ಅಸಿಸ್ಟ್), ಶಾಟ್, ಹಿಟ್ (ಎದುರಾಳಿಗೆ ಮೈಯಿಂದ ಗುದ್ದುವುದು), ಬ್ಲಾಕ್ (ಶಾಟ್‌ಗೆ ಅಡ್ಡ ನಿಂತು ತಡೆಯುವುದು), ಇವು ಆರು. ಗೋಲ್‌ಕೀಪರ್‌ಗಳಿಗೆ ಗೆಲುವು, ಸೇವ್ (ತಡೆದ ಶಾಟ್), ಸೇವ್ ಶೇಕಡಾವಾರು, ಇವು ಮೂರು. ಮುಖ್ಯವಾದ ಮಾತು ಇಲ್ಲಿದೆ. ಹೆಚ್ಚು ಕೆಟಗರಿ ಗೆದ್ದವನಿಗೆ ವಾರಕ್ಕೆ ಒಂದು ಗೆಲುವು ಅಂತ ನಾವು ಲೆಕ್ಕ ಹಾಕುವುದಿಲ್ಲ. ಗೆದ್ದ ಪ್ರತಿ ಕೆಟಗರಿಯೂ ಒಂದೊಂದು ಅಂಕವಾಗಿ ಪಟ್ಟಿಗೆ ಸೇರುತ್ತದೆ. 5-4ರಲ್ಲಿ ಸೋತವನಿಗೂ ನಾಲ್ಕು ಅಂಕ ಉಳಿಯುತ್ತದೆ. ಭಾನುವಾರ ರಾತ್ರಿ ಸೋಲು ಖಚಿತವಾಗಿದ್ದರೂ ಇನ್ನೆರಡು ಬ್ಲಾಕ್ ಸಿಕ್ಕರೆ ಒಂದು ಅಂಕ ಬರುತ್ತದಲ್ವಾ ಅಂತ ಹಿಂದೆ ಬಿದ್ದವನೂ ಪಂದ್ಯ ನೋಡುತ್ತಾನೆ.

ಹಿಟ್ ಮತ್ತು ಬ್ಲಾಕ್ ಬೇಕಾ ಅಂತ ಬಹಳ ವಾದ ನಡೆಯಿತು. ಹಿಟ್ ಎಣಿಸುವವರು ಆಯಾ ಊರಿನ ಮೈದಾನದಲ್ಲಿ ಸ್ಕೋರ್ ಬರೆಯುವವರು, ಎಲ್ಲ ಕಡೆ ಒಂದೇ ಕಣ್ಣಿರುವುದಿಲ್ಲ. ಆದರೂ ಇರಲಿ ಅಂತ ನಾನು ಪಟ್ಟು ಹಿಡಿದೆ. ಅವು ಇದ್ದರೆ ಹೆಸರಿಲ್ಲದ ಮೂರನೇ ಸಾಲಿನ ಆಟಗಾರನಿಗೂ ಬೆಲೆ ಬರುತ್ತದೆ. ಸ್ಟಾರ್‌ಗಳು ಸಿಗದವನು ಹುಡುಕಿ ಹುಡುಕಿ ತಂಡ ಕಟ್ಟಬಹುದು. ನಮ್ಮಲ್ಲಿ ಕೊಡಗಿನ ಗೆಳೆಯನೊಬ್ಬ ಇದ್ದಾನೆ. 1997ರಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಹಬ್ಬ ನೋಡುತ್ತಾ ಬೆಳೆದವನು, ಐಸ್ ಹಾಕಿ ಅವನಿಗೆ ಇಲ್ಲಿಗೆ ಬಂದಮೇಲೆ ಹತ್ತಿದ್ದು. ಡಿಫೆನ್ಸ್ ಆಟಗಾರ ಚೆಂಡಿಗೆ ಮೈಯೊಡ್ಡುವುದರ ಬೆಲೆ ಅವನಿಗೆ ಗೊತ್ತಿತ್ತು, ಇಲ್ಲಿ ಚೆಂಡಿನ ಜಾಗದಲ್ಲಿ ಪಕ್ ಅನ್ನೋ ರಬ್ಬರ್ ಬಿಲ್ಲೆ ಅಷ್ಟೇ. ಕೊನೆಯ ಸುತ್ತುಗಳಲ್ಲಿ ಬರೀ ಬ್ಲಾಕ್ ಮಾಡುವವರನ್ನೇ ಆರಿಸಿದ. ಆ ಕೆಟಗರಿಯಲ್ಲಿ ಅವನನ್ನು ಸೋಲಿಸೋದು ಈಗಲೂ ಕಷ್ಟ.

ಪ್ಲಸ್-ಮೈನಸ್ ಅನ್ನು ನಾವು ಕಿತ್ತುಹಾಕಿದ್ದೇವೆ. ತಂಡ ಗೋಲು ಹೊಡೆದಾಗ ಮೈದಾನದಲ್ಲಿದ್ದವನಿಗೆ ಪ್ಲಸ್, ಬಿಟ್ಟುಕೊಟ್ಟಾಗ ಮೈನಸ್. ಪವರ್ ಪ್ಲೇ ಗೋಲಿಗೆ ಪ್ಲಸ್ ಇಲ್ಲ. ಆದರೆ ಕೊನೆಯಲ್ಲಿ ಗೋಲ್‌ಕೀಪರ್‌ನನ್ನು ಹೊರಗೆ ಕರೆದು ಹೋರಾಡುವ ತಂಡ ಖಾಲಿ ಗೋಲಿಗೆ ಹೊಡೆಸಿಕೊಂಡರೆ, ಆಗ ಆಡುತ್ತಿದ್ದ ಒಳ್ಳೆಯ ಆಟಗಾರರಿಗೆ ಮೈನಸ್. ದುರ್ಬಲ ತಂಡದ ಉತ್ತಮ ಆಟಗಾರನಿಗೆ ಇದರಿಂದ ಸುಮ್ನೆ ಅನ್ಯಾಯ.

ಗೋಲ್‌ಕೀಪರ್ ವಿಷಯದಲ್ಲಿ ಲೆಕ್ಕ ಸರಳ. ಎನ್‌ಎಚ್‌ಎಲ್‌ನಲ್ಲಿ 32 ತಂಡ. ತಂಡಕ್ಕೊಬ್ಬ ಮುಖ್ಯ ಗೋಲ್‌ಕೀಪರ್ ಅಂತಿಟ್ಟುಕೊಂಡರೂ 32 ಜನ. ನಮ್ಮಲ್ಲಿ ಒಬ್ಬರೇ ಐದು ಜನರನ್ನು ಗುಡ್ಡೆ ಹಾಕಿಕೊಂಡರೆ ಉಳಿದವರಿಗೆ ಏನು ಉಳಿಯುತ್ತದೆ? ಅದಕ್ಕೇ ತಂಡಕ್ಕೆ ಹೆಚ್ಚೆಂದರೆ ಮೂವರು. ಇನ್ನೊಂದು ನಿಯಮ, ವಾರಕ್ಕೆ ಕನಿಷ್ಠ ಮೂರು ಪಂದ್ಯದಲ್ಲಿ ಗೋಲ್‌ಕೀಪರ್ ಆಡಲೇಬೇಕು. ಈ ನಿಯಮ ಇಲ್ಲದಿದ್ದರೆ ಸೋಮವಾರ ಒಂದು ಒಳ್ಳೆ ಪಂದ್ಯ ಸಿಕ್ಕ ಕೂಡಲೇ ಕೆಲವರು ಅವನನ್ನು ಬೆಂಚಿನ ಮೇಲೆ ಕೂರಿಸಿ ಶೇಕಡಾವಾರು ಕಾಪಾಡಿಕೊಳ್ಳುತ್ತಾರೆ. ಸೇವ್ ಅನ್ನು ಕೆಟಗರಿ ಮಾಡಿದ್ದರಿಂದ, ಸೋಲುವ ತಂಡದ ಪರ ದಿನವೂ ಶಾಟ್‌ಗಳ ಸುರಿಮಳೆ ತಡೆಯುವವನಿಗೂ ಬೆಲೆ ಇದೆ.

ವಾರಕ್ಕೆ ನಾಲ್ಕಕ್ಕಿಂತ ಹೆಚ್ಚು ಹೊಸ ಆಟಗಾರರನ್ನು ಸೇರಿಸಿಕೊಳ್ಳುವಂತಿಲ್ಲ. ಎನ್‌ಎಚ್‌ಎಲ್ ವೇಳಾಪಟ್ಟಿಯಲ್ಲಿ ಮಂಗಳವಾರ, ಗುರುವಾರ, ಶನಿವಾರ ಪಂದ್ಯ ಜಾಸ್ತಿ, ಉಳಿದ ದಿನ ಕಡಿಮೆ. ಪುರುಸೊತ್ತು ಇರುವವನು ಸೋಮವಾರ ಒಬ್ಬನನ್ನು ಹಾಕಿ, ಬುಧವಾರ ತೆಗೆದು, ಇನ್ನೊಬ್ಬನನ್ನು ತುಂಬಿ, ವಾರವಿಡೀ ಹೆಚ್ಚು ಪಂದ್ಯ ಗಿಟ್ಟಿಸಿಕೊಳ್ಳಬಹುದು. ನಮ್ಮಲ್ಲಿ ರಾತ್ರಿ ಪಾಳಿಯಲ್ಲಿ ಕೆಲಸ ಮಾಡುವ ನರ್ಸ್ ಒಬ್ಬರು ಇದ್ದಾರೆ. ಹಾಕಿ ಅವರಿಗೆ ನಮ್ಮೆಲ್ಲರಿಗಿಂತ ಚೆನ್ನಾಗಿ ಗೊತ್ತು. ಬರೀ ಫೋನ್ ಹಿಡಿದು ಕೂರುವವನ ಎದುರು ಅವರು ಸೋಲಬಾರದು. ಹೊಸ ಆಟಗಾರ ಬೇಕೆಂದರೆ ಮೊದಲು ಕಂಡವನಿಗೆ ಅಂತಿಲ್ಲ. ಸೀಸನ್‌ಗೆ ತಲಾ 100 ಆಟದ ಡಾಲರ್ ಇರುತ್ತದೆ, ಗುಟ್ಟಾಗಿ ಬಿಡ್ ಹಾಕಬೇಕು. ಬಿಡ್ ಸಮ ಆದರೆ ಪಟ್ಟಿಯಲ್ಲಿ ಕೆಳಗಿರುವವರಿಗೆ ಆಟಗಾರ.

ಈ ಬಿಡ್ಡಿನಿಂದ ಬೆಂಗಳೂರಿಗೆ ವಾಪಸ್ ಹೋದ ಗೆಳೆಯನಿಗೂ ಅನುಕೂಲ ಆಯಿತು. ಇಲ್ಲಿ ಚಳಿಗಾಲದ ಸಂಜೆ 7 ಅಂದರೆ ಅಲ್ಲಿ ಮರುದಿನ ಬೆಳಗಿನ ಜಾವ 5:30. ಯಾವ ಗೋಲ್‌ಕೀಪರ್ ಆಡುತ್ತಾನೆ ಅನ್ನೋ ಸುದ್ದಿ ಇಲ್ಲಿ ಮಧ್ಯಾಹ್ನ ಖಚಿತವಾಗುವಾಗ ಅವನು ಮಲಗಿರುತ್ತಾನೆ. ಅವನಿಂದ ನಾವು ಹಣ ತಗೊಳ್ಳುವುದಿಲ್ಲ. ಭಾರತದಲ್ಲಿ 2025ರ ಆಗಸ್ಟ್‌ನಲ್ಲಿ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನು ಬಂದಿದೆ, ಅವನಿಗೆ ಆ ತಲೆನೋವು ಯಾಕೆ? ಉಳಿದವರು ತಲಾ 30 ಡಾಲರ್ ಕೊಡುತ್ತೇವೆ. ಡ್ರಾಫ್ಟ್‌ಗೆ ಮೊದಲು ಕೊಟ್ಟಿರಬೇಕು, ಆಮೇಲೆ ಕೊಡ್ತೀನಿ ಅನ್ನುವ ಮಾತಿಲ್ಲ. ಹಣ ಇಟ್ಟುಕೊಳ್ಳುವವರು ಕಮಿಷನರ್ ಆಗಿರಬಾರದು. ಗೆದ್ದವನಿಗೆ ಕಪ್, ಹಣವೆಲ್ಲ ಮನೆಮಂದಿ ಸಮೇತ ಒಂದು ಊಟಕ್ಕೆ. ಬಹುಮಾನದ ಹಣ ದೊಡ್ಡದಾದಷ್ಟೂ ಸ್ನೇಹಕ್ಕೆ ಪೆಟ್ಟು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಇನ್ನು ಟ್ರೇಡ್. ಜಗಳ ಆಗುವುದು ಇಲ್ಲೇ.

ನಮ್ಮಲ್ಲಿ ಪ್ರತಿಯೊಬ್ಬರೂ ಮುಂದಿನ ವರ್ಷಕ್ಕೆ ಇಬ್ಬರು ಆಟಗಾರರನ್ನು ಉಳಿಸಿಕೊಳ್ಳಬಹುದು. ಮೊದಲ ಎರಡು ಸುತ್ತಿನಲ್ಲಿ ಆರಿಸಿದವರನ್ನು ಮಾತ್ರ ಉಳಿಸಿಕೊಳ್ಳುವಂತಿಲ್ಲ. 2025ರ ಜನವರಿಯಲ್ಲಿ ಒಂಬತ್ತನೇ ಸ್ಥಾನದಲ್ಲಿದ್ದ ಗೆಳೆಯ ಕುಚೆರೊವ್‌ನನ್ನು ಎರಡನೇ ಸ್ಥಾನದಲ್ಲಿದ್ದ ತನ್ನ ಭಾವನಿಗೆ ಕೊಟ್ಟ. ಬದಲಿಗೆ ಪಡೆದದ್ದು ಸ್ಯಾನ್ ಹೊಸೆಯ ಹದಿನೆಂಟರ ಹುಡುಗ ಮ್ಯಾಕ್ಲಿನ್ ಸೆಲೆಬ್ರಿನಿಯನ್ನು. ವಾಟ್ಸ್ಆ್ಯಪ್ ಗುಂಪು ಹೊತ್ತಿ ಉರಿಯಿತು. "ಮನೆಯೊಳಗಿನ ವ್ಯವಹಾರ ಇದು" ಅಂತ ಒಬ್ಬ. "ಹೀಗಾದ್ರೆ ನಾನು ಲೀಗ್ ಬಿಡ್ತೀನಿ" ಅಂತ ಇನ್ನೊಬ್ಬ. ನಾನು ಗುಂಪಿನಲ್ಲಿ ಏನೂ ಬರೆಯದೆ ಆ ಒಂಬತ್ತನೇ ಸ್ಥಾನದ ಗೆಳೆಯನಿಗೆ ಫೋನ್ ಮಾಡಿದೆ.

"ಕುಚೆರೊವ್‌ನನ್ನ ಯಾಕೆ ಕೊಟ್ಟೆ, ಹೇಳು."

"ಅಣ್ಣಾ, ಅವನು ಮೊದಲ ಸುತ್ತಿನವನು. ಏಪ್ರಿಲ್ ಆದ್ಮೇಲೆ ಹೇಗೂ ನನ್ನ ಕೈಬಿಟ್ಟು ಹೋಗ್ತಾನೆ. ಈ ಹುಡುಗ ಎಂಟನೇ ಸುತ್ತಿನವನು, ಉಳಿಸ್ಕೋಬಹುದು. ನಾನೇನು ಈ ವರ್ಷ ಗೆಲ್ತೀನಾ?"

ಉತ್ತರ ಸರಿಯಾಗಿತ್ತು. ಟ್ರೇಡ್ ಉಳಿಯಿತು. ಬಹುಮತದಿಂದ ಟ್ರೇಡ್ ರದ್ದು ಮಾಡುವ ಪದ್ಧತಿ ನನಗೆ ಇಷ್ಟವಿಲ್ಲ. ಎದುರಾಳಿ ಬಲವಾಗುವುದು ಯಾರಿಗೂ ಬೇಡ, ಎಲ್ಲರೂ ಬೇಡ ಅಂತಲೇ ಓಟು ಹಾಕುತ್ತಾರೆ. ನಮ್ಮಲ್ಲಿ ಆ ಟ್ರೇಡ್‌ಗೆ ಸಂಬಂಧವಿಲ್ಲದ ಮೂವರು ನೋಡುತ್ತಾರೆ, ಒಂದೇ ಪ್ರಶ್ನೆ ಕೇಳುತ್ತಾರೆ: ಇಬ್ಬರಿಗೂ ತಮ್ಮ ತಂಡದ ಒಳಿತಿಗೆ ಕಾರಣ ಇದೆಯಾ? ಇದ್ದರೆ, ಅದು ದಡ್ಡ ಟ್ರೇಡ್ ಆದರೂ ನಡೆಯಲಿ. ಆದರೆ ಗುಂಪಿನ ಸಿಟ್ಟಿನಲ್ಲೂ ಒಂದು ನ್ಯಾಯ ಇತ್ತು. ಕೆಳಗಿನ ಎಲ್ಲ ತಂಡಗಳೂ ಸ್ಟಾರ್‌ಗಳನ್ನು ಮೇಲಿನವರಿಗೆ ಸಾಗಿಸಿದರೆ ಸ್ಪರ್ಧೆ ಎಲ್ಲಿ ಉಳಿಯುತ್ತದೆ? ಅದಕ್ಕೇ ಮುಂದಿನ ಬೇಸಿಗೆಯಲ್ಲಿ ನಮ್ಮ ಟ್ರೇಡ್ ಗಡುವನ್ನು ಮಾರ್ಚ್‌ನಿಂದ ಡಿಸೆಂಬರ್ ಕೊನೆಗೆ ತಂದೆವು.

2025ರ ಅದೇ ಜನವರಿಯಲ್ಲಿ ಇನ್ನೊಬ್ಬರು ಮಿಕ್ಕೊ ರಾಂಟನೆನ್‌ನನ್ನು ಟ್ರೇಡ್‌ನಲ್ಲಿ ತಂದರು, ಕೊಲೊರಾಡೊದಲ್ಲಿ ಸ್ಟಾರ್ ಆಟಗಾರ ಮೆಕಿನನ್ ಜೊತೆ ಆಡುತ್ತಾನೆ ಅಂತ. ಜನವರಿ 24ಕ್ಕೆ ಕೊಲೊರಾಡೊ ಅವನನ್ನು ಕೆರೊಲಿನಾಗೆ ಕೊಟ್ಟಿತು. ಅಲ್ಲಿ 13 ಪಂದ್ಯದಲ್ಲಿ ಬರೀ 2 ಗೋಲು. ಮಾರ್ಚ್ 7ಕ್ಕೆ ಡಲ್ಲಾಸ್‌ಗೆ ಹೋದ. ಟ್ರೇಡ್ ರದ್ದು ಮಾಡಿ ಅಂತ ಅವರು ಕೇಳಿದರು. ಆಗುವುದಿಲ್ಲ ಅಂದೆ. ಮುಗಿದ ಟ್ರೇಡ್ ಮುಗಿಯಿತು, ನಿಯಮದಲ್ಲಿ ಹಾಗೇ ಬರೆದಿದೆ.

ಆರು ತಂಡ ಪ್ಲೇಆಫ್‌ಗೆ ಹೋಗುತ್ತವೆ. ನಮ್ಮ ಫೈನಲ್ ಎನ್‌ಎಚ್‌ಎಲ್ ಲೀಗ್ ಹಂತದ ಕೊನೇ ವಾರಕ್ಕಿಂತ ಮೊದಲೇ ಮುಗಿಯುತ್ತದೆ, ಯಾಕೆಂದರೆ ಸ್ಥಾನ ಖಚಿತವಾದ ತಂಡಗಳು ಆ ವಾರ ಸ್ಟಾರ್‌ಗಳಿಗೆ ವಿಶ್ರಾಂತಿ ಕೊಡುತ್ತವೆ. ಉಳಿದ ನಾಲ್ಕು ತಂಡಗಳಿಗೂ ಅದೇ ಹೊತ್ತಿನಲ್ಲಿ ಒಂದು ಚಿಕ್ಕ ಟೂರ್ನಿ ಇದೆ, ಅದನ್ನು ಗೆದ್ದವರಿಗೆ ಮುಂದಿನ ಡ್ರಾಫ್ಟ್‌ನಲ್ಲಿ ಮೊದಲ ಆಯ್ಕೆ. ಕೊನೇ ಸ್ಥಾನಕ್ಕೆ ಮೊದಲ ಆಯ್ಕೆ ಅಂತ ಇಟ್ಟರೆ ಬೇಕಂತಲೇ ಸೋಲುವವರು ಹುಟ್ಟುತ್ತಾರೆ. ಎನ್‌ಎಚ್‌ಎಲ್ ಕೂಡ ಅದೇ ಕಾರಣಕ್ಕೆ ಲಾಟರಿ ಮಾಡುತ್ತದೆ. ನಾನು ಲಾಟರಿಗಿಂತ ಇದನ್ನೇ ಮೆಚ್ಚುತ್ತೇನೆ. ಒಂಬತ್ತನೇ ಸ್ಥಾನದವನಿಗೂ ಮಾರ್ಚ್‌ನಲ್ಲಿ ಗೆಲ್ಲಲು ಏನೋ ಒಂದು ಇರುತ್ತದೆ.

ಇಷ್ಟಾದರೂ ಎರಡು ವಾರ ಯಾರಾದರೂ ತಂಡ ಮುಟ್ಟದಿದ್ದರೆ ನಾನು ಗುಂಪಿನಲ್ಲಿ ಚುಚ್ಚುವುದಿಲ್ಲ, ಫೋನ್ ಮಾಡುತ್ತೇನೆ. ಎಷ್ಟೋ ಸಲ ಮನೆಯಲ್ಲಿ ಕಾಯಿಲೆ ಇರುತ್ತದೆ, ಕೆಲಸ ಹೋಗಿರುತ್ತದೆ. ಆಗ ಲೀಗ್ ಹೊರಗಿನ ಗೆಳೆಯರೊಬ್ಬರು ಆ ತಂಡ ನೋಡಿಕೊಳ್ಳುತ್ತಾರೆ. ಬೇರೆಯವರ ತಂಡಕ್ಕೆ ಕಮಿಷನರ್ ಕೈ ಹಾಕಬಾರದು. ನನ್ನದೇ ಟ್ರೇಡ್ ಆದರೆ ತೀರ್ಮಾನ ಇನ್ನೊಬ್ಬರದ್ದು.

2020ರ ಮಾರ್ಚ್ 12ಕ್ಕೆ ಕೋವಿಡ್‌ನಿಂದ ಎನ್‌ಎಚ್‌ಎಲ್ ನಿಂತಾಗ ನಾನು ಆಫೀಸಿನ ಒಂದು ಲೀಗ್‌ನಲ್ಲಿದ್ದೆ. ಯಾರು ಗೆದ್ದರು, ಹಣ ಯಾರಿಗೆ ಅಂತ ವಾರಗಟ್ಟಲೆ ವಾದ ನಡೆಯಿತು. ನಮ್ಮಲ್ಲಿ ಅದಕ್ಕೂ ಒಂದು ಸಾಲಿದೆ: ಮುಕ್ಕಾಲು ಭಾಗ ವಾರಗಳು ಮುಗಿದಿದ್ದರೆ ಪಟ್ಟಿಯಲ್ಲಿ ಮೇಲಿರುವವರಿಗೆ ಕಪ್, ಇಲ್ಲವಾದರೆ ಹಣ ವಾಪಸ್.

ನಿಯಮ ಬದಲಾಗುವುದು ಬೇಸಿಗೆಯಲ್ಲಿ ಮಾತ್ರ, ಹತ್ತರಲ್ಲಿ ಏಳು ಜನ ಒಪ್ಪಬೇಕು. 2026-27ರಿಂದ ಎನ್‌ಎಚ್‌ಎಲ್ ತಂಡಗಳಿಗೆ 82ರ ಬದಲು 84 ಪಂದ್ಯ, ಅಭ್ಯಾಸ ಪಂದ್ಯಗಳು ಕಡಿಮೆಯಾಗುತ್ತವೆ. ಅಂದರೆ ಡ್ರಾಫ್ಟ್‌ಗೆ ಮೊದಲು ಹೊಸಬರನ್ನು ನೋಡಲು ನಮಗೆ ಅವಕಾಶವೂ ಕಡಿಮೆ. ಅದಕ್ಕಾಗಿ ಮೊದಲ ವಾರ ಮಾತ್ರ ನಾಲ್ಕರ ಬದಲು ಆರು ಆಟಗಾರರನ್ನು ಸೇರಿಸಿಕೊಳ್ಳಲು ಬಿಡೋಣ ಅಂತ ನರ್ಸ್ ಗೆಳತಿ ಸೂಚಿಸಿದ್ದಾರೆ. ನನ್ನ ಓಟು ಅದಕ್ಕೇ.